ಕಾಲಡಿಯ ನೆಲ

ನೆರೆಯವನ ಗೋಡೆ ಬಿರುಕು ಬಿಡುವುದೆಂದು ಮೊದಲೇ ತಿಳಿದು, ಅದರ ಬೆಲೆ ತೆರಲೂ ಸಿದ್ಧನಾಗಿ, ಆ ಬಿರುಕಿಗೆ ಕಾರಣನಾಗುವವನನ್ನು ಏನೆಂದು ಕರೆಯೋಣ? ಅಪರಾಧಿಯೆನ್ನೋಣವೇ, ಪ್ರಾಮಾಣಿಕನೆನ್ನೋಣವೇ?

ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ಅಲ್ಲಿಯ ನೈಋತ್ಯ ಭಾಗದ ಕಲ್ಲಿದ್ದಲ ಗಣಿಗಳಲ್ಲಿ ‘ಲಾಂಗ್‌ವಾಲ್’ ಎಂಬ ಪದ್ಧತಿಯುಂಟು. ಹಳೆಯ ಪದ್ಧತಿಯಲ್ಲಿ ಕಲ್ಲಿದ್ದಲನ್ನೇ ಅಲ್ಲಲ್ಲಿ ಕಂಬಗಳಾಗಿ ಉಳಿಸಿ ನಡುವಿನದನ್ನು ತೆಗೆಯುತ್ತಿದ್ದರು. ಇಲ್ಲಿ ಹಾಗಲ್ಲ. ನೂರಾರು ಮೀಟರ್ ಉದ್ದದ ಕಲ್ಲಿದ್ದಲ ಗೋಡೆಯನ್ನು ಯಂತ್ರವೊಂದು ತುದಿಯಿಂದ ತುದಿಗೆ ಕೊರೆಯುತ್ತದೆ. ಕೆಲಸಗಾರರ ತಲೆಯ ಮೇಲಿನ ಬಂಡೆಯನ್ನು ಉಕ್ಕಿನ ಆಸರೆಗಳ ಸಾಲು ಎತ್ತಿಹಿಡಿದಿರುತ್ತದೆ. ಕೊರೆತ ಮುಂದುವರಿದಂತೆ ಆಸರೆಗಳೂ ಮುಂದೆ ಸರಿಯುತ್ತವೆ. ಹಿಂದಿನ ಚಾವಣಿ ಕುಸಿಯುತ್ತದೆ. ಅದು ಅಪಘಾತವಲ್ಲ, ಬೀಳಲೆಂದೇ ಬಿಟ್ಟದ್ದು. ಬೀಳದೆ ತೂಗಿ ನಿಂತರೇ ಅಪಾಯ. ಆದರೆ ಆ ಕುಸಿತದಿಂದ ಮೇಲಿನ ನೆಲವೂ ತಗ್ಗುತ್ತದೆ. ಆ ನೆಲದ ಮೇಲೆ ಮನೆಗಳಿವೆ, ಬಾವಿಗಳಿವೆ.

1878ರಲ್ಲಿ ಆ ರಾಜ್ಯದ ಗಣಿ ಕಂಪನಿಯೊಂದು ಮೇಲಿನ ನೆಲವನ್ನಷ್ಟೆ ಮಾರಿ, ಅಡಿಯ ಕಲ್ಲಿದ್ದಲನ್ನೆಲ್ಲ ತೆಗೆಯುವ ಹಕ್ಕನ್ನು ತನಗೇ ಉಳಿಸಿಕೊಂಡಿತು. ಮುಂದೆ ಆ ಮನೆಯವರು ಕುಸಿತಕ್ಕಂಜಿ ಕೋರ್ಟಿಗೆ ಹೋದರು. 1922ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ಪರ ತೀರ್ಪಿತ್ತಿತು. 1966ರ ಕಾನೂನು ಅಂದು ನಿಂತಿದ್ದ ಮನೆಗಳಿಗೆ ರಕ್ಷಣೆ ಕೊಟ್ಟಿತು. 1994ರ ತಿದ್ದುಪಡಿ, ದುರಸ್ತಿ ಇಲ್ಲವೇ ಪರಿಹಾರದ ಹೊಣೆ ಹೊರಿಸಿ, ಅಂಥ ಮನೆಗಳ ಅಡಿಯಲ್ಲೂ ಇಂಥ ಗಣಿಗಾರಿಕೆಗೆ ದಾರಿ ತೆರೆಯಿತು.

ಇದರಲ್ಲಿ ಒಂದು ನ್ಯಾಯವಿದೆಯೆಂಬುದನ್ನು ಒಪ್ಪಬೇಕು. ಉಳಿಸಿದ ಕಂಬಗಳು ಎಷ್ಟೋ ದಶಕಗಳ ಮೇಲೆ ಕುಸಿಯಬಹುದು. ಆಗ ಗಣಿಯೂ ಇರದು, ಧಣಿಯೂ ಇರನು. ಮನೆ ಕಳೆದುಕೊಂಡವನು ಯಾರನ್ನು ಕೇಳಬೇಕು? ಲಾಂಗ್‌ವಾಲಿನಲ್ಲಿ ಕೇಡು ಬೇಗ ಬರುತ್ತದೆ, ಮಾಡಿದವನು ಕಣ್ಣೆದುರಿಗಿರುತ್ತಾನೆ. ಮರೆಯಲ್ಲಿ ಮುಂದಿನವರಿಗೆ ಬಿಟ್ಟುಹೋದ ಕೇಡಿಗಿಂತ ಬೆಳಕಿನಲ್ಲಿ ಮಾಡಿ ಹೊಣೆ ಹೊತ್ತ ಕೇಡು ಮೇಲಲ್ಲವೇ?

ಮೇಲು, ನಿಜ. ಆದರೆ ಅಷ್ಟರಿಂದ ಸಾಲದು. ತಿಳಿಯದೆ ಆದ ಕೇಡಿಗೆ ಪರಿಹಾರ ಸಲ್ಲುತ್ತದೆ, ಏಕೆಂದರೆ ಅದಕ್ಕೆ ಮೊದಲು ಕೇಳುವ ಅವಕಾಶವೇ ಇರಲಿಲ್ಲ. ತಿಳಿದೇ ಮಾಡುವವನಿಗೆ ಆ ಅವಕಾಶವಿತ್ತು. ಹಿಂದಿನವರು ಎಂದೋ ಹಾಕಿದ ಸಹಿಯನ್ನು ತೋರಿಸಿ, ಇಂದು ಆ ಮನೆಯಲ್ಲಿ ಮಲಗಿರುವವರ ಒಪ್ಪಿಗೆ ಸಿಕ್ಕಿದೆಯೆನ್ನುವುದು ಕಾನೂನಾದೀತು, ಧರ್ಮವಾಗಲಾರದು. ಗೋಡೆಗೆ ಗಾರೆ ಮೆತ್ತಬಹುದು. ಕಾಲಡಿಯ ನೆಲ ನಿಲ್ಲುವುದೆಂಬ ನಂಬಿಕೆಗೆ ಮೆತ್ತುವ ಗಾರೆ ಯಾವ ಕಂಪನಿಯ ಬಳಿಯೂ ಇಲ್ಲ. ಆದಕಾರಣ ಹಣದ ಚೀಲ ತರುವ ಮೊದಲು ಅವನು ಬಾಗಿಲು ತಟ್ಟಬೇಕು. ಒಳಗಿನವರು ‘ಬೇಡ’ ಎಂದರೆ ಹಿಂದಿರುಗಲೂ ಸಿದ್ಧನಿರಬೇಕು.