ಉಪ್ಪಿನ ಋಣ ಯಾರಿಗೆ?

ಉಂಡ ಮನೆಗೆ ಎರಡು ಬಗೆಯಬಾರದೆಂಬುದು ಹಿರಿಯರ ಮಾತು. ಆದರೆ ಆ ಮನೆಯೇ ಬಿದ್ದುಹೋದಾಗ ಉಂಡವನ ಧರ್ಮವೇನು?

ಪೂರ್ಣಯ್ಯನವರ ಬದುಕು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ. ಹೈದರಾಲಿ ಮತ್ತು ಟಿಪ್ಪು ಇಬ್ಬರ ಆಡಳಿತದಲ್ಲೂ ಅವರು ಉನ್ನತ ಅಧಿಕಾರದಲ್ಲಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದರು. ಎರಡು ತಿಂಗಳೂ ತುಂಬುವ ಮೊದಲೇ, ಜೂನ್ 30ರಂದು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಗೆದ್ದ ಕಂಪನಿಯ ಸಮ್ಮತಿಯಿಂದ ಪೂರ್ಣಯ್ಯನವರು ದಿವಾನರಾದರು. ಆ ವರ್ಷದ ಪಾಲುಪಟ್ಟಿಯಲ್ಲೇ ನಮ್ಮ ಕೊಯಮತ್ತೂರು ಸೀಮೆ, ಧಾರಾಪುರವೂ ಸೇರಿ, ಮೈಸೂರಿನಿಂದ ಬೇರ್ಪಟ್ಟು ಕಂಪನಿಯ ವಶವಾಯಿತು.

ಇದನ್ನು ಸ್ವಾಮಿದ್ರೋಹವೆನ್ನುವುದು ಸುಲಭ. ಆದರೆ ಪೂರ್ಣಯ್ಯನವರು ಮೊದಲು ಸೂಚಿಸಿದ್ದು ಟಿಪ್ಪುವಿನ ಮಗನನ್ನೇ ಪಟ್ಟಕ್ಕೆ ತರಬೇಕೆಂದು. ಗೆದ್ದವರು ಒಪ್ಪಲಿಲ್ಲ. ಆಮೇಲೆ ಉಳಿದ ದಾರಿ ಎರಡು: ದೂರ ಸರಿಯುವುದು, ಇಲ್ಲವೇ ಒಳಗಿದ್ದು ಉಳಿದುದನ್ನು ಕಾಯುವುದು. ಹೊಸ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಸಲ್ಲಿಸಬೇಕಿತ್ತು. ಹಣ ತಪ್ಪೀತೆಂಬ ಶಂಕೆ ಬಂದರೂ ಆಡಳಿತವನ್ನು ಕೈಗೆತ್ತಿಕೊಳ್ಳುವ ಹಕ್ಕು ಕಂಪನಿಗಿತ್ತು. ಆ ನೆಪಕ್ಕೆ ಎಡೆಗೊಡದೆ 1811ರವರೆಗೆ ರಾಜ್ಯ ನಡೆಸಿದ್ದು ಅವರ ರಾಜನೀತಿ. ಅವರು ಹೋದ ಎರಡು ದಶಕಗಳಲ್ಲಿ, 1831ರಲ್ಲಿ, ಕಂಪನಿ ಆಡಳಿತವನ್ನು ವಹಿಸಿಕೊಂಡೇಬಿಟ್ಟಿತು.

ಹಾಗೆಂದು ಲೆಕ್ಕ ಇಲ್ಲಿಗೆ ಮುಗಿಯದು. ಆ ವರಹಗಳು ಬಂದದ್ದು ರೈತರ ಬೆವರಿನಿಂದ. 1807ರಲ್ಲಿ ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ದೊರೆಯಿತು. ಪ್ರಜೆಗಳಿಗಾಗಿ ಉಳಿದೆನೆಂದು ಪಕ್ಷ ಬದಲಿಸಿದ ಪ್ರತಿಯೊಬ್ಬನೂ ಹೇಳಬಲ್ಲ. ಆದ್ದರಿಂದ ಅಂಥವರ ಮಾತನ್ನಲ್ಲ, ನಡೆಯನ್ನು ತೂಗಬೇಕು: ಗೆದ್ದವನಿಗೆ ರುಚಿಸದ ಮಾತನ್ನು ಒಮ್ಮೆಯಾದರೂ ಆಡಿದರೇ? ಅವರ ಕೈಯಲ್ಲಿ ನಾಡು ಉಳಿಯಿತೇ, ಅಥವಾ ಅವರ ಮನೆಯಷ್ಟೇ ಉಳಿಯಿತೇ? ಪೂರ್ಣಯ್ಯನವರ ತಕ್ಕಡಿಯಲ್ಲಿ ಮೊದಲ ತಟ್ಟೆಯೇ ತೂಗುತ್ತದೆಂದು ನನ್ನ ನಂಬಿಕೆ; ಎರಡನೆಯದು ಬರಿದಾಗಿದೆಯೆಂದು ನಾನು ಹೇಳಲಾರೆ.

ಈ ಪ್ರಶ್ನೆ ನಮಗೂ ಹೊರತಲ್ಲ. ಗಡಿ ಸರಿದ ಮೇಲೂ ಇಲ್ಲಿನ ದೇವಾಂಗರ ಮನೆಗಳಲ್ಲಿ ಕನ್ನಡ ಉಳಿಯಿತು. ಸುತ್ತಲಿನ ತಮಿಳರೊಡನೆ ಬಾಳ್ವೆಯೂ ನಡೆಯಿತು. ಉಪ್ಪಿನ ಋಣ ಸಿಂಹಾಸನಕ್ಕೆ ಸಲ್ಲುವುದಾದರೆ ಅವರು ಎಷ್ಟು ಬಾರಿ ದ್ರೋಹಿಗಳಾಗಬೇಕಿತ್ತು! ಅದು ಜೊತೆಗೆ ಬಾಳುವ ಜನಕ್ಕೆ ಸಲ್ಲುವುದೆಂದು ಅವರು ಯಾರೂ ಹೇಳಿಕೊಡದೆಯೇ ಅರಿತಿದ್ದರು.