ಮಾಸುವ ಜಾಡು

ಸಿಮ್‌ಆ್ಯಂಟ್ ಎಂಬ ಹಳೆಯ ಕಂಪ್ಯೂಟರ್ ಆಟದಲ್ಲಿ ಸಾವು ದೊಡ್ಡ ಸಂಗತಿಯಲ್ಲ. 1991ರಲ್ಲಿ ಮ್ಯಾಕ್ಸಿಸ್ ಕಂಪನಿಗಾಗಿ ವಿಲ್ ರೈಟ್ ಇದನ್ನು ರೂಪಿಸಿದರು. ಜೀವವಿಜ್ಞಾನಿಗಳಾದ ಹೋಲ್ಡಾಬ್ಲರ್ ಮತ್ತು ವಿಲ್ಸನ್ ಇರುವೆಗಳ ಬಗ್ಗೆ ಬರೆದ ಮಹಾಗ್ರಂಥ ಅವರಿಗೆ ಪ್ರೇರಣೆ. ಕಪ್ಪಿರುವೆಗಳ ನಡುವೆ ಆಟಗಾರನದೊಂದು ಹಳದಿ ಇರುವೆ. ಅದನ್ನು ಜೇಡ ತಿಂದರೂ, ಹುಲ್ಲು ಕತ್ತರಿಸುವ ಯಂತ್ರ ಅರೆದರೂ ‘ನಾನು’ ಗೂಡಿನೊಳಗೆ ಇನ್ನೊಂದು ಇರುವೆಯಾಗಿ ಎದ್ದು ಬರುತ್ತೇನೆ. ಗೂಡು ತನ್ನ ಪಾಡಿಗೆ ಕೆಲಸದಲ್ಲಿರುತ್ತದೆ.

ಇದರಲ್ಲಿ ಪುನರ್ಜನ್ಮದ ಸಮಾಧಾನ ಹುಡುಕಬಹುದು. ಆದರೆ ನನ್ನನ್ನು ಕಾಡುವುದು ಇರುವೆಯ ಸಾವಲ್ಲ, ಅದು ಬಿಟ್ಟುಹೋಗುವ ಜಾಡು. ಆಹಾರ ಸಿಕ್ಕ ಇರುವೆ ಮರಳುವಾಗ ನೆಲಕ್ಕೆ ವಾಸನೆ ಹಚ್ಚುತ್ತಾ ಬರುತ್ತದೆ. ಅದನ್ನು ಹಿಡಿದು ಹೋದವು ತಾವೂ ಹಚ್ಚುತ್ತವೆ, ದಾರಿ ಗಟ್ಟಿಯಾಗುತ್ತದೆ. ಆಹಾರ ತೀರಿದ ಮೇಲೆ ಹಚ್ಚುವವರಿಲ್ಲ. ವಾಸನೆ ಆರುತ್ತದೆ, ದಾರಿ ಅಳಿಯುತ್ತದೆ. ನಮ್ಮ ಕಡೆಯ ಉಡಿಗಾಲ ಎಂಬ ಊರಿನ ಜಗುಲಿಯ ಮೇಲೆ ಬೆಲ್ಲದ ಚೂರಿಗೆ ಮುತ್ತಿದ ಇರುವೆಸಾಲು, ಚೂರು ಮುಗಿದ ಮೇಲೆ ತೆಳುವಾಗಿ ಚೆದುರುವುದೂ ಹೀಗೆಯೇ.

ಈ ಅಳಿಯುವಿಕೆ ಕೊರತೆಯಲ್ಲ, ಗೂಡಿನ ಜಾಣತನವೇ ಅದು. ಜಾಡು ಮಾಸದೇ ಹೋಗಿದ್ದರೆ ಇರುವೆಗಳು ಬೆಲ್ಲವಿಲ್ಲದ ಜಾಗಕ್ಕೆ ಕೊನೆಯವರೆಗೂ ಸಾಲುಗಟ್ಟುತ್ತಿದ್ದವು. ಇಟಲಿಯ ಮಾರ್ಕೊ ಡೊರಿಗೊ 1992ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇರುವೆಗಳ ಈ ನಡೆಯನ್ನು ಗಣಿತಕ್ಕೆ ಇಳಿಸಿದರು: ಹಲವು ಊರು ಸುತ್ತಿ ಬರಲು ಹತ್ತಿರದ ದಾರಿ ಹುಡುಕುವ ವಿಧಾನ. ಅದರಲ್ಲಿ ಜಾಡು ಎಷ್ಟು ಬೇಗ ಆರಬೇಕು ಎಂಬುದಕ್ಕೂ ಒಂದು ಅಂಕೆ ಇದೆ. ಅದನ್ನು ಸೊನ್ನೆ ಮಾಡಿದರೆ, ಮೊದಲು ಸಿಕ್ಕ ಸುತ್ತುದಾರಿಗೇ ಲೆಕ್ಕ ಅಂಟಿಕೊಂಡುಬಿಡುವ ಅಪಾಯವಿದೆ.

ನಮ್ಮ ಸೀಮೆಯ ಹೊಲಗಳ ಕಾಲುದಾರಿಗಳಿಗೂ ಈ ಬುದ್ಧಿ ಇದೆ. ಮುಂಗಾರಿಗೆ ಉತ್ತು ಸೂರ್ಯಕಾಂತಿ ಬಿತ್ತಿದರೆ ದಾರಿ ಮಾಯ. ಕೊಯ್ಲಾದ ಮೇಲೆ ಮತ್ತೆ ಬೀಳುತ್ತದೆ, ಹಳೆಯ ಜಾಗದಲ್ಲೇ ಬೀಳಬೇಕೆಂದಿಲ್ಲ. ಬಾವಿ ಬತ್ತಿದ ಕಡೆ ಹೋಗುತ್ತಿದ್ದದ್ದು ಬೋರ್‌ವೆಲ್ ಕಡೆ ತಿರುಗಿರುತ್ತದೆ. ಬಾವಿದಾರಿಗೆ ಯಾರೂ ಅಳುವುದಿಲ್ಲ.

ಆದರೂ ಮಾಸಿದ್ದೆಲ್ಲ ಮಾಸಬೇಕಾದದ್ದೇ ಎನ್ನಲಾಗದು. ಸಿಮ್‌ಆ್ಯಂಟ್ ಬಂದದ್ದು ಫ್ಲಾಪಿಗಳಲ್ಲಿ. ಫ್ಲಾಪಿಯ ಕಾಂತತ್ವ ವರ್ಷಗಳು ಕಳೆದಂತೆ ಕುಂದುತ್ತದೆ. ಆಟ ಇವತ್ತಿಗೂ ಆಡಲು ಸಿಗುವುದು ಅದರ ಮೇಲೆ ಮೋಹವಿದ್ದ ಯಾರೋ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುತ್ತಾ, ಹೊಸ ಯಂತ್ರಗಳಲ್ಲಿ ನಡೆಯುವಂತೆ ಎಮ್ಯುಲೇಟರ್ ಬರೆಯುತ್ತಾ ಬಂದದ್ದರಿಂದ. ಅವರೂ ಜಾಡಿಗೆ ವಾಸನೆ ಹಚ್ಚಿದವರೇ.

ಒಂದು ಹಾಡು, ಒಂದು ಕಸುಬು, ಒಂದು ನಂಟು ಇಲ್ಲವಾದಾಗ ನಾವು ಕಾಲವನ್ನು ದೂರುತ್ತೇವೆ. ಕಾಲ ಎಲ್ಲ ಜಾಡುಗಳನ್ನೂ ಸಮನಾಗಿಯೇ ಆರಿಸುತ್ತದೆ. ಎಷ್ಟೋ ಸಲ ಅಲ್ಲಿ ಬೆಲ್ಲ ಇನ್ನೂ ಇತ್ತು. ಆ ದಾರಿಯಲ್ಲಿ ಹೋಗುವುದನ್ನು ಬಿಟ್ಟವರು ನಾವು.