ಬರೆ ಯಾರ ಮೈಮೇಲೆ?

ಲಿಂಕ್ಡ್‌ಇನ್‌ನಲ್ಲಿ ನೀವು ಓದಿ ಲೈಕ್ ಒತ್ತಿರುವ ಪೋಸ್ಟುಗಳಲ್ಲಿ ಒಂದೆರಡನ್ನಾದರೂ ನಾನು ಬರೆದಿರುವ ಸಾಧ್ಯತೆ ಇದೆ. ಹೆಸರು, ಫೋಟೋ, ಅನುಭವ ಎಲ್ಲ ಬೇರೆಯವರದು, ವಾಕ್ಯ ಮಾತ್ರ ನನ್ನದು. ವಾರಕ್ಕೊಮ್ಮೆ ಅರ್ಧ ಗಂಟೆ ಅವರು ಫೋನಿನಲ್ಲಿ ಮಾತಾಡ್ತಾರೆ, ನಾನು ಅದರಿಂದ ಮೂರೋ ನಾಲ್ಕೋ ಪೋಸ್ಟ್ ತೆಗೀತೀನಿ. ತಿಂಗಳ ಕೊನೆಗೆ ಇನ್‌ವಾಯ್ಸ್ ಕಳಿಸ್ತೀನಿ. ಇದಕ್ಕೆ ‘ಪರ್ಸನಲ್ ಬ್ರ್ಯಾಂಡಿಂಗ್’ ಅಂತ ಹೆಸರು.

ಈ ಕೆಲಸದ ಬಗ್ಗೆ ನನಗೆ ಮುಜುಗರವೇನೂ ಇಲ್ಲ. ತಾಲ್ಲೂಕು ಕಚೇರಿ ಎದುರು ಮರದ ಕೆಳಗೆ ಮೇಜು ಹಾಕ್ಕೊಂಡು ಅರ್ಜಿ ಬರೆದುಕೊಡೋರು ಇದ್ದಾರಲ್ಲ, ನಾನು ಅವರ ಕುಲದವಳು. ಅವರೂ ಇನ್ನೊಬ್ಬರ ‘ನಾನು’ವನ್ನೇ ಬರೆಯುವುದು. ವಾಕ್ಯ ಬಾಡಿಗೆಯದು. ಆದರೆ ಕೆಳಗೆ ಬೀಳುವ ಹೆಬ್ಬೆಟ್ಟು ರೈತನದೇ, ಸರ್ವೆ ನಂಬರೂ ಅವನದೇ, ಅರ್ಜಿ ಬಿದ್ದುಹೋದರೆ ಕಳಕೊಳ್ಳೋ ಜಮೀನೂ ಅವನದೇ. ಈ ಕೊನೆಯ ಮಾತು ನೆನಪಿಟ್ಕೊಂಡಿರಿ, ಮುಂದೆ ಬೇಕಾಗತ್ತೆ.

ಮೊದಲು ಕಸುಬಿನ ಗುಟ್ಟು ಸ್ವಲ್ಪ ಹೇಳಿಬಿಡ್ತೀನಿ. ‘ಇನ್ನಷ್ಟು ಓದಿ’ ಅನ್ನೋದಕ್ಕೆ ಮುಂಚೆ ಪರದೆಯ ಮೇಲೆ ಎರಡು ಮೂರು ಸಾಲು ಕಾಣುತ್ತಲ್ಲ, ಅಷ್ಟರಲ್ಲೇ ಓದುಗ ಸಿಕ್ಕಿಬೀಳಬೇಕು. ಅದಕ್ಕೇ ಅಲ್ಲಿ ಎಲ್ಲರೂ ಕೆಲಸ ಕಳ್ಕೊಂಡಿರ್ತಾರೆ, ಇಲ್ಲವೇ ಬಾತ್‌ರೂಮಿನಲ್ಲಿ ಅಳ್ತಿರ್ತಾರೆ, ಇಲ್ಲವೇ ಒಬ್ಬ ಆಟೋ ಡ್ರೈವರ್ ಅವರಿಗೆ ಜೀವನದ ದೊಡ್ಡ ಪಾಠ ಹೇಳ್ತಿರ್ತಾನೆ. (ಬೆಂಗಳೂರಿನ ಆಟೋದವರು ಲಿಂಕ್ಡ್‌ಇನ್‌ನಲ್ಲಿ ಹೇಳುವಷ್ಟು ವೇದಾಂತವನ್ನು ರಸ್ತೆಯಲ್ಲಿ ಹೇಳಿದ್ದು ನಾನಂತೂ ಕೇಳಿಲ್ಲ. ನನ್ನ ಹತ್ತಿರ ಅವರು ಕೇಳೋದು, ಮೀಟರ್ ಮೇಲೆ ಎಷ್ಟು ಕೊಡ್ತೀರಿ ಅಂತ ಅಷ್ಟೇ.) ಒಂದು ಸಾಲಿಗೆ ಒಂದು ಪ್ಯಾರಾ. ಕೊನೆಗೆ ಒಂದು ಪ್ರಶ್ನೆ, ಕಮೆಂಟು ಬರಲಿ ಅಂತ. ಎಲ್ಲಕ್ಕಿಂತ ಮುಖ್ಯವಾದ ನಿಯಮ: ಮೂರು ವಿಷಯ ಆರಿಸ್ಕೊಳ್ಳಿ, ಅದರಿಂದ ಆಚೆ ಕಾಲಿಡಬೇಡಿ. ಇವತ್ತು ಮಲ್ಲಿಗೆ ವಾಸನೆ, ನಾಳೆ ಬೇವಿನ ವಾಸನೆ ಅಂದ್ರೆ ಆ ಸಾಬೂನನ್ನ ಯಾರು ಕೊಳ್ತಾರೆ? ಸಾಬೂನಿಗೆ ಈ ಮಾತು ಸರಿ. ಮನುಷ್ಯನಿಗೆ ಬಂದಾಗ ಸಮಸ್ಯೆ. ಮೂವತ್ತರಿಂದ ನಲವತ್ತಕ್ಕೆ ಬಂದರೂ ಒಂದೇ ಒಂದು ಅಭಿಪ್ರಾಯ ಬದಲಾಗದವನ ಜೊತೆ ಕಾಫಿ ಕುಡಿಯೋದಕ್ಕೂ ಬೇಜಾರು.

ಮನುಷ್ಯನೂ ಒಂದು ಬ್ರ್ಯಾಂಡು ಅನ್ನೋ ಮಾತು ಜನಪ್ರಿಯವಾದದ್ದು ಅಮೆರಿಕದಲ್ಲಿ, 1997ರಲ್ಲಿ. ಮ್ಯಾನೇಜ್‌ಮೆಂಟ್ ಲೇಖಕ ಟಾಮ್ ಪೀಟರ್ಸ್ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಆ ಬಗ್ಗೆ ಒಂದು ಲೇಖನ ಬರೆದರು. ನೀವೇ ನಿಮ್ಮ ಕಂಪನಿಯ ಮುಖ್ಯಸ್ಥರು, ನಿಮ್ಮ ಸರಕೂ ನೀವೇ ಅನ್ನುವುದು ಅದರ ತಾತ್ಪರ್ಯ. ಲಿಂಕ್ಡ್‌ಇನ್ ಶುರುವಾಗಲು ಆಗಿನ್ನೂ ಆರು ವರ್ಷ ಬಾಕಿ ಇತ್ತು. ‘ಬ್ರ್ಯಾಂಡ್’ ಅನ್ನೋ ಇಂಗ್ಲಿಷ್ ಪದದ ಮೂಲ ಬೆಂಕಿ, ಸುಡುವುದು. ದನಕರು ಯಾರದ್ದು ಅಂತ ಗೊತ್ತಾಗಲಿ ಅಂತ ಕಾದ ಕಬ್ಬಿಣದಿಂದ ಹಾಕುತ್ತಿದ್ದ ಗುರುತು. ಕನ್ನಡದಲ್ಲಿ ಅದಕ್ಕೆ ‘ಬರೆ’ ಅಂತೀವಿ. ಪೆನ್ನು ಹಿಡಿದು ಬರೆ ಅನ್ನೋದಕ್ಕೂ ಅದೇ ಪದ, ಕಬ್ಬಿಣ ಕಾಯಿಸಿ ಹಾಕೋದಕ್ಕೂ ಅದೇ ಪದ. ನನ್ನಂಥವರ ಕಸುಬಿಗೆ ಹೇಳಿ ಮಾಡಿಸಿದ ಹಾಗಿದೆ.

ಪರ್ಸನಲ್ ಬ್ರ್ಯಾಂಡಿಂಗ್ ಬಗ್ಗೆ ನಮ್ಮಲ್ಲಿ ಗಾದೆಯೇ ಇದೆ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ. ಇದನ್ನು ಹೇಳಿ ಎಲ್ಲರೂ ನಗೋದು ನರಿಯನ್ನ ನೋಡಿ. ನನಗೆ ಮಾತ್ರ ಆ ನರಿಯ ಬಗ್ಗೆ ಒಂಥರಾ ಗೌರವ ಇದೆ. ಪೆದ್ದು ಇರಬಹುದು, ಆದರೆ ಅದು ಸುಟ್ಟುಕೊಂಡಿದ್ದು ತನ್ನ ಮೈಯನ್ನೇ. ನಾನು ದಿನಾ ನೋಡುವ ಮಾರುಕಟ್ಟೆಯಲ್ಲಿ ನರಿಗಳು ಹುಷಾರು. ಪಟ್ಟೆ ಕಾಣೋದು ತಮ್ಮ ಮೇಲೆ, ಕಬ್ಬಿಣ ತಾಗೋದು ಪಕ್ಕದವರಿಗೆ.

ನನ್ನ ಮಟ್ಟಿಗೆ ಈ ವಿಷಯದಲ್ಲಿ ನೈತಿಕ ಪ್ರಶ್ನೆ ಅಂತ ಇರೋದು ಇದೊಂದೇ. ಹೆಸರು ಒಬ್ಬರದಾದರೆ, ಅದರ ಖರ್ಚು ಯಾರದು? ತೋರಿಸ್ಕೊಳ್ಳೋದು ತಪ್ಪಾ, ವಿನಯ ಬೇಡವಾ ಅನ್ನೋ ಚರ್ಚೆಯಲ್ಲಿ ನನಗೆ ಆಸಕ್ತಿ ಇಲ್ಲ.

ದುಡ್ಡಿನ ಖರ್ಚನ್ನು ಕಾನೂನು ಸ್ವಲ್ಪಮಟ್ಟಿಗೆ ಹಿಡೀತಿದೆ. ಹಣ ಪಡೆದು ಹಾಕಿದ ಪೋಸ್ಟಿಗೆ ಜಾಹೀರಾತು ಅಂತ ಗುರುತು ಹಾಕಲೇಬೇಕು ಅಂತ ಜಾಹೀರಾತು ಗುಣಮಟ್ಟ ಮಂಡಳಿ 2021ರಲ್ಲಿ ನಿಯಮ ತಂತು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ ಮುಖ ಕೊಟ್ಟವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಮತ್ತೆ ಅದನ್ನೇ ಮಾಡಿದರೆ 50 ಲಕ್ಷದವರೆಗೆ. ರೀಲ್ಸ್‌ನಲ್ಲಿ ಶೇರು ಸಲಹೆ ಕೊಡೋರ ಹಾವಳಿ ಜಾಸ್ತಿಯಾದಾಗ, ನೋಂದಣಿಯಿಲ್ಲದ ಅಂಥವರ ಜೊತೆ ಬ್ರೋಕರುಗಳು ವ್ಯವಹಾರ ಇಟ್ಕೋಬಾರದು ಅಂತ 2024ರಲ್ಲಿ ಸೆಬಿ ಹೇಳಿತು. ಸಂತೋಷ. ಆದರೆ ದುಡ್ಡಿಲ್ಲದ ಖರ್ಚುಗಳಿಗೆ ಯಾವ ಲೇಬಲ್ಲೂ ಇಲ್ಲ. ನಿಮ್ಮ ಹೆಂಡತಿಯ ಹೆರಿಗೆ ನೋವು ನಿಮ್ಮ ‘ಪ್ರಾಡಕ್ಟ್ ಲಾಂಚ್’ಗೆ ಹೋಲಿಕೆಯಾದಾಗ, ಕೆಲಸದಿಂದ ತೆಗೆದವರ ಮುಖ ನೆನೆದು ನೀವು ಎಷ್ಟು ಅತ್ತಿರಿ ಅನ್ನೋದು ಪೋಸ್ಟಾದಾಗ, ಯಾರೂ ಕೇಳಲ್ಲ.

ಎರಡು ವರ್ಷದ ಹಿಂದೆ ನನ್ನ ಕ್ಲೈಂಟ್ ಒಬ್ಬರು ಫೋನ್ ಮಾಡಿದರು. ವೈಟ್‌ಫೀಲ್ಡ್‌ನಲ್ಲಿ ದೊಡ್ಡ ಹುದ್ದೆ, ಹಾಸನ ಕಡೆಯವರು. ತಂದೆ ತೀರ್ಕೊಂಡು ಹನ್ನೊಂದನೇ ದಿನದ ಕಾರ್ಯ ಮುಗಿದಿತ್ತಷ್ಟೇ. “ಮೇಡಂ, ಅಪ್ಪನ ಬಗ್ಗೆ ಒಂದು ಪೋಸ್ಟ್ ಹಾಕ್ಬೇಕು. ಅವರಿಂದ ಕಲಿತ ಐದು ಲೀಡರ್‌ಶಿಪ್ ಪಾಠ, ಆ ಥರ,” ಅಂದರು. ತಂದೆ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬರೆಯೋಕೆ ನನಗೆ ಸಾಮಗ್ರಿ ಬೇಕಲ್ಲ, ಡ್ಯೂಟಿ ಮುಗಿಸಿ ಮನೆಗೆ ಬಂದ್ಮೇಲೆ ಏನು ಮಾಡ್ತಿದ್ರು ಸರ್ ಅಂತ ಕೇಳ್ದೆ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ರು. ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡ್ತಾರಲ್ಲ, ಎಷ್ಟೋ ಜನ ಅದನ್ನ ಇಸ್ಕೊಳ್ಳೋದು ಮರೆತು ಇಳಿದುಬಿಡ್ತಾರೆ. ಅವರಪ್ಪ ಮನೆಗೆ ಬಂದು ಅಂಥವರ ಲೆಕ್ಕವನ್ನ ಒಂದು ಚಿಕ್ಕ ಪುಸ್ತಕದಲ್ಲಿ ಬರೀತಿದ್ರಂತೆ. ಹೆಸರು ಗೊತ್ತಿಲ್ಲದವರಿಗೆ ಗುರುತು: ಹಾಲಿನ ಕ್ಯಾನಿನವರು, ಕೆಂಪು ಟವೆಲ್, ಕಾಲೇಜು ಹುಡುಗಿ ಕನ್ನಡಕ. ಮಾರನೇ ದಿನ ಸಿಕ್ಕಿದರೆ ವಾಪಸ್ ಕೊಡೋದು. ಆ ಪುಸ್ತಕ ಈಗ ಅವರ ಕೈಲಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಊರಿನ ಸೈಟು ಮಾರೋ ವಿಷಯಕ್ಕೆ ತಾವೂ ಅಪ್ಪನೂ ಎರಡು ವರ್ಷ ಮಾತು ಬಿಟ್ಟಿದ್ದು, ಆಸ್ಪತ್ರೆಗೆ ಹೋದಾಗ ಅವರಿಗೆ ಗುರುತು ಹಿಡಿಯೋಷ್ಟು ಎಚ್ಚರ ಇಲ್ಲದೇ ಇದ್ದಿದ್ದು, ಎಲ್ಲ ಹೇಳಿದ್ರು. ನಲವತ್ತು ನಿಮಿಷ ಆಗಿರಬೇಕು. ಕೊನೆಗೆ, “ಇದ್ಯಾವುದೂ ಹಾಕೋದು ಬೇಡ ಅಲ್ವಾ?” ಅಂದ್ರು.

ಬೇಡ ಸರ್ ಅಂದೆ. ಕಸುಬಿನವಳಾಗಿ ನನಗೆ ಚೆನ್ನಾಗಿ ಗೊತ್ತಿತ್ತು, ಆ ಚಿಲ್ಲರೆ ಪುಸ್ತಕದ ಒಂದು ಪುಟದ ಫೋಟೋ ಸಾಕು, ಅವರ ಆವರೆಗಿನ ಎಲ್ಲ ಪೋಸ್ಟುಗಳನ್ನೂ ಅದು ಮೀರಿಸ್ತಿತ್ತು. ಆದರೆ ಆ ಪುಸ್ತಕ ಯಾರಿಗೂ ತೋರಿಸೋಕೆ ಬರೆದದ್ದಲ್ಲ ಅನ್ನೋದೇ ಅದರ ಬೆಲೆ. ಬರೆದವರನ್ನು ಒಂದು ಮಾತು ಕೇಳೋಣ ಅಂದ್ರೆ ಅವರಿಲ್ಲ. ಆಮೇಲೆ ಅವರು ಹಾಕಿದ್ದು ಫೋಟೋ, ಹೆಸರು, ಎರಡು ತಾರೀಕು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಹೆಸರು ಮಾಡೋದೇ ತಪ್ಪು, ಎಲೆಮರೆಯ ಕಾಯಿಯ ಹಾಗೆ ಇದ್ದುಬಿಡಿ ಅಂತ ನಾನು ಹೇಳ್ತೀನಿ ಅಂದ್ಕೋಬೇಡಿ. ಎಲೆಮರೆಯ ಉಪದೇಶ ಕೊಡೋರನ್ನ ಒಮ್ಮೆ ಗಮನಿಸಿ. ಸಾಮಾನ್ಯವಾಗಿ ಅವರ ಮನೆತನದ ಹೆಸರೋ ಕಾಲೇಜಿನ ಹೆಸರೋ ಅವರಿಗಿಂತ ಮುಂಚೆಯೇ ಹೋಗಿ ಬಾಗಿಲು ತೆಗೆಸಿರತ್ತೆ. ಕೊಪ್ಪಳದಿಂದಲೋ ಚಾಮರಾಜನಗರದಿಂದಲೋ ಬಂದು, ಒಬ್ಬ ಮಾವನೂ ಐಟಿಯಲ್ಲಿಲ್ಲದ ಹುಡುಗನಿಗೆ ಲಿಂಕ್ಡ್‌ಇನ್ ಒಂದು ಕಿಟಕಿ. ಅವನು ತನ್ನ ಕೆಲಸವನ್ನು ತಾನೇ ಕೂಗಿ ಹೇಳದಿದ್ದರೆ ಇನ್ಯಾರು ಹೇಳ್ತಾರೆ?

ಹನ್ನೆರಡನೇ ಶತಮಾನದ ವಚನಕಾರರಲ್ಲಿ ಹೆಚ್ಚಿನವರು ವಚನದ ಕೊನೆಗೆ ತಮ್ಮ ಇಷ್ಟದೈವದ ಹೆಸರನ್ನೇ ಅಂಕಿತವಾಗಿ ಇಟ್ಟರು. ಬಸವಣ್ಣನಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ. ನಾನು ಯಾರು ಅಂತ ಹೇಳೋ ಸಹಿ ಅದಲ್ಲ, ನಾನು ಯಾರಿಗೆ ಉತ್ತರ ಕೊಡಬೇಕು ಅಂತ ಹೇಳೋ ಸಹಿ. ಇದನ್ನು ಮುಂದಿಟ್ಟು ‘ನೋಡಿ, ನಮ್ಮ ಹಿರಿಯರಿಗೆ ಹೆಸರಿನ ಆಸೆ ಇರಲಿಲ್ಲ’ ಅನ್ನುವ ಭಾಷಣ ಬೇಕಾದಷ್ಟು ಕೇಳಿದ್ದೀನಿ. ಆದರೆ ಅದೇ ಗುಂಪಿನಲ್ಲಿ ಅಂಬಿಗರ ಚೌಡಯ್ಯ ಇದ್ದಾನೆ. ದೋಣಿ ನಡೆಸುವವನು. ಅವನ ಅಂಕಿತ ಅವನದೇ ಹೆಸರು, ಕಸುಬಿನ ಸಮೇತ. ಅವನ ವಚನಗಳಷ್ಟು ಖಾರವಾದವು ಕಡಿಮೆ. ಡಾಂಭಿಕರನ್ನು ಮುಖಕ್ಕೆ ಹೊಡೆದ ಹಾಗೆ ಬೈದು, ಕೆಳಗೆ ತನ್ನ ಹೆಸರು ಒತ್ತುತ್ತಾನೆ. ಏಟು ಬಂದರೆ ಬರಲಿ, ಬರೋದು ನನಗೇ ಅನ್ನೋ ಥರ. ಇದನ್ನು ಯಾವ ಅರ್ಥದಲ್ಲೂ ಅಹಂಕಾರ ಅನ್ನೋಕೆ ನನಗೆ ಮನಸ್ಸು ಬರಲ್ಲ. ತಾಲ್ಲೂಕು ಕಚೇರಿ ಮುಂದಿನ ಹೆಬ್ಬೆಟ್ಟಿನ ಜಾತಿ ಇದು.

ಇನ್ನು ‘ಇನ್‌ಫ್ಲುಯೆನ್ಸ್’. ಕ್ಲೈಂಟುಗಳಿಗೆ ನಾನು ತಿಂಗಳಿಗೊಂದು ವರದಿ ಕೊಡ್ತೀನಿ, ಎಷ್ಟು ಜನ ನೋಡಿದ್ರು, ಎಷ್ಟು ಜನ ಹಂಚಿದ್ರು ಅಂತ. ಅದು ಗಮನದ ಲೆಕ್ಕ. ಪ್ರಭಾವದ ಲೆಕ್ಕ ಅಲ್ಲ, ಆ ಎರಡೂ ಒಂದೇ ಅಂತ ವರದಿಯ ತಲೆಬರಹ ಹೇಳಿದರೂ ಕೂಡ. ನನ್ನ ಮೊದಲ ಕೆಲಸದಲ್ಲಿ ಒಬ್ಬರು ಸೀನಿಯರ್ ಇದ್ರು. ಏನಾದರೂ ಸರಿಹೋದಾಗ ಅವರ ಇಮೇಲಿನಲ್ಲಿ, ಆ ತಪ್ಪನ್ನು ಮೊದಲು ಕಂಡುಹಿಡಿದವರ ಹೆಸರು ಮೊದಲ ಸಾಲಿನಲ್ಲೇ ಇರ್ತಿತ್ತು, ಅವರು ಇಂಟರ್ನ್ ಆಗಿದ್ರೂ ಸರಿ. ಹನ್ನೊಂದು ವರ್ಷ ಆಯ್ತು, ಈಗಲೂ ನನ್ನ ಇಮೇಲು ಹಾಗೇ ಶುರುವಾಗತ್ತೆ. ಅವರ ಪ್ರೊಫೈಲಿನಲ್ಲಿ ಫೋಟೋ ಕೂಡ ಇಲ್ಲ.

ದೊಡ್ಡ ಮಟ್ಟದಲ್ಲಿ ನನಗೆ ನೆನಪಾಗೋದು ವಿಜಯಪುರದ ಒಬ್ಬ ವಕೀಲರು, ಫ.ಗು. ಹಳಕಟ್ಟಿ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಮನೆ ಮನೆ, ಮಠ ಮಠ ಹುಡುಕಿ ವಚನಗಳ ತಾಡೋಲೆ ಸಂಗ್ರಹಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು. ಅಚ್ಚು ಹಾಕಿಸೋದು ಕಷ್ಟ ಅಂತ ಇದ್ದ ಮನೆ ಮಾರಿ ತಾವೇ ಪ್ರೆಸ್ಸು ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಅಚ್ಚಾಗಿದ್ದು ಬೇರೆಯವರ ಮಾತು, ಅದೂ ಎಂಟುನೂರು ವರ್ಷ ಹಳೆಯದು. ಇವತ್ತು ಪ್ರೆಸೆಂಟೇಶನ್ನಿನ ಕೊನೆಯ ಸ್ಲೈಡಿಗೆ ಬಸವಣ್ಣನ ಸಾಲು ಹಾಕೋ ಮ್ಯಾನೇಜರಿಗೆ, ಅದು ತನ್ನ ಕೈಗೆ ಬಂದ ದಾರಿಯಲ್ಲಿ ಒಂದು ಮಾರಿದ ಮನೆ ಇದೆ ಅಂತ ಗೊತ್ತಿರಲ್ಲ. ನೀವೂ ಮನೆ ಮಾರಿ ಅಂತ ನಾನು ಹೇಳ್ತಿಲ್ಲ, ಬೆಂಗಳೂರಲ್ಲಿ ಹೋಮ್ ಲೋನ್ ಇರುವಾಗ ಅದೂ ಸುಲಭ ಅಲ್ಲ. ಖರ್ಚಿನ ಕಾಲಂನಲ್ಲಿ ಯಾರ ಹೆಸರಿದೆ ಅಂತ ನೋಡಿ ಅಂದೆ, ಅಷ್ಟೇ.

ಹೊಸ ಕ್ಲೈಂಟುಗಳಿಗೆ ಮೊದಲ ಫೋನಿನಲ್ಲೇ ನಾನೀಗ ಒಂದು ಪ್ರಶ್ನೆ ಕೇಳ್ತೀನಿ. ಈ ಮಾತು ಹೇಳಿದ್ರೆ ನಿಮಗೆ ಏನು ನಷ್ಟ ಆಗಬಹುದು? ಬಹಳಷ್ಟು ಜನ ನಗ್ತಾರೆ. ನಷ್ಟಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ ಮೇಡಂ ಅಂತಾರೆ. ಅದೂ ನಿಜವೇ.

ಈ ವರ್ಷ ಗೆಳತಿಯೊಬ್ಬಳ ಮೂಲಕ ಸಿಂಧನೂರಿನ ಒಬ್ಬ ಹುಡುಗಿ ಬಂದಳು. ಕ್ಲೈಂಟ್ ಅಲ್ಲ, ದುಡ್ಡೂ ಇಲ್ಲ. ಅವಳ ಮೊದಲ ಕಂಪನಿ ಎರಡು ವರ್ಷದ ಬಾಂಡ್ ಬರೆಸ್ಕೊಂಡು, ಒರಿಜಿನಲ್ ಮಾರ್ಕ್ಸ್ ಕಾರ್ಡುಗಳನ್ನ ಇಟ್ಕೊಂಡಿತ್ತಂತೆ. ಸಾಲ ಮಾಡಿ ಕಟ್ಟಿ ಬಿಡಿಸ್ಕೊಂಡು ಬಂದಳು. ಈಗ ಒಳ್ಳೇ ಕಡೆ ಕೆಲಸ. ಸಹಿ ಹಾಕೋ ಮುಂಚೆ ಏನೇನು ನೋಡಬೇಕು ಅಂತ ಜೂನಿಯರುಗಳಿಗೆ ಬರೆಯಬೇಕು, ಅದೂ ತನ್ನ ಹೆಸರಲ್ಲೇ ಅನ್ನೋದು ಅವಳ ಆಸೆ. ಅನಾಮಧೇಯ ಪೇಜುಗಳಿಗೆ ಕಳಿಸಿದರೆ ರೀಚ್ ಜಾಸ್ತಿ, ಅಪಾಯ ಇಲ್ಲ. ಆದರೆ ಅವಳ ಕಾಲೇಜಿನ ಹುಡುಗ ಹುಡುಗಿಯರು ನಂಬೋದು ಅವಳ ಹೆಸರನ್ನು. ನಾಳೆ ಇನ್ನೊಂದು ಕಂಪನಿಯ ಎಚ್ಆರ್ ಹುಡುಕಿದಾಗ ಸಿಗೋದೂ ಅದೇ ಹೆಸರು. ಎರಡನ್ನೂ ಅವಳಿಗೆ ಹೇಳಿದೆ. ಅವಳ ಬರಹದಲ್ಲಿ ನಾನು ತಿದ್ದಿದ್ದು ಎರಡು ಕಾಗುಣಿತ. ಹೋದ ವಾರ ಕೇಳಿದ್ದಕ್ಕೆ, “ಅಕ್ಕಾ, ಒಂದ್ಸಲ ಅಪ್ಪಗ ಕೇಳಿ ಹೇಳ್ತೀನ್ರಿ,” ಅಂದಳು. ಡ್ರಾಫ್ಟ್ ಇನ್ನೂ ನನ್ನ ಫೋಲ್ಡರಿನಲ್ಲೇ ಇದೆ.